ಹಿರಿಯ ನಾಗರಿಕರಲ್ಲಿ ಹೃದ್ರೋಗ: ಅಪಾಯ, ಮುನ್ಸೂಚನೆ ಮತ್ತು ಸರ್ಕಾರಿ ಸೌಲಭ್ಯಗಳು

ವಯಸ್ಸಾದಂತೆ ರಕ್ತನಾಳಗಳು ಪೆಡಸಾಗುತ್ತವೆ. ಅವುಗಳ ಒಳಭಾಗದಲ್ಲಿ ಕೊಬ್ಬು ಶೇಖರಗೊಂಡು ರಕ್ತಸಂಚಾರದ ದಾರಿ ಕಿರಿದಾಗುತ್ತದೆ. ಆದುದರಿಂದ 60 ವರ್ಷ ಮೀರಿದವರಲ್ಲಿ ಹೃದ್ರೋಗದ ಸಂಭವ ಹೆಚ್ಚು. ವಯಸ್ಸನ್ನು ತಡೆಯಲಾಗದು, ಆದರೆ ವಯಸ್ಸಿನೊಂದಿಗೆ ಬರುವ ಇತರ ಕಾಯಿಲೆಗಳನ್ನು ಹತೋಟಿಯಲ್ಲಿಟ್ಟು ಅಪಾಯವನ್ನು ತಗ್ಗಿಸಬಹುದು.

ಅಪಾಯವನ್ನು ಹೆಚ್ಚಿಸುವ ಅಂಶಗಳು:
1. ಅಧಿಕ ರಕ್ತದೊತ್ತಡ (140/90 ಅಥವಾ ಅದಕ್ಕಿಂತ ಹೆಚ್ಚು). ಬಹುತೇಕರಲ್ಲಿ ಇದು ಯಾವುದೇ ಲಕ್ಷಣವನ್ನು ತೋರುವುದಿಲ್ಲ.
2. ಮಧುಮೇಹ (ಬರಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ಮಿ.ಗ್ರಾಂ. ಅಥವಾ ಹೆಚ್ಚು).
3. ಅಧಿಕ ಕೊಲೆಸ್ಟ್ರಾಲ್ ಹಾಗೂ ಮೂತ್ರಪಿಂಡದ ಕಾಯಿಲೆ.
4. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಸೇವನೆ.
5. ಮಹಿಳೆಯರಲ್ಲಿ ಮುಟ್ಟು ನಿಂತ ನಂತರದ ಅವಧಿ.

ಮುನ್ಸೂಚನೆಗಳು:
ಎದೆಯಲ್ಲಿ ಬಿಗಿತ ಅಥವಾ ನೋವು ಕಾಣಿಸಿಕೊಂಡು ಎಡಗೈ, ಭುಜ, ದವಡೆಗೆ ಹರಡುವುದು ಹೃದಯಾಘಾತದ ಸಾಮಾನ್ಯ ಲಕ್ಷಣ. ಆದರೆ ವಯೋವೃದ್ಧರಲ್ಲಿ, ವಿಶೇಷವಾಗಿ ಮಧುಮೇಹಿಗಳಲ್ಲಿ ಮತ್ತು ಮಹಿಳೆಯರಲ್ಲಿ, ಎದೆನೋವು ಇಲ್ಲದೆಯೂ ಹೃದಯಾಘಾತ ಸಂಭವಿಸಬಹುದು. ಹಠಾತ್ ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ವಿಪರೀತ ಸುಸ್ತು, ತಲೆಸುತ್ತು ಅಥವಾ ಇದ್ದಕ್ಕಿದ್ದಂತೆ ಉಂಟಾಗುವ ಗೊಂದಲ ಮಾತ್ರ ಕಂಡುಬರಬಹುದು. ಇವುಗಳನ್ನು ‘ಗ್ಯಾಸ್ಟ್ರಿಕ್’ ಅಥವಾ ‘ವಯಸ್ಸಿನ ಆಯಾಸ’ವೆಂದು ಭಾವಿಸಿ ಬೆಳಗಾಗುವವರೆಗೆ ಕಾಯಬಾರದು. ರಕ್ತನಾಳ ಮುಚ್ಚಿಕೊಂಡಿರುವಷ್ಟು ಕಾಲವೂ ಹೃದಯದ ಸ್ನಾಯು ನಾಶವಾಗುತ್ತಿರುತ್ತದೆ. ಆರಂಭದ ಗಂಟೆಗಳಲ್ಲಿ ದೊರೆತ ಚಿಕಿತ್ಸೆಯೇ ಹೆಚ್ಚು ಫಲಕಾರಿ. ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ರೋಗಿಯನ್ನು ನಡೆಸಬಾರದು, ಮೆಟ್ಟಿಲು ಹತ್ತಿಸಬಾರದು.

ಮುಂಜಾಗ್ರತಾ ಕ್ರಮಗಳು:
• ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಬಳಸುವುದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿನ ಉಪ್ಪೂ ಈ ಲೆಕ್ಕಕ್ಕೆ ಸೇರಿದೆ.
• ವೈದ್ಯರ ಸಲಹೆ ಪಡೆದು, ಶಕ್ತ್ಯಾನುಸಾರ ವಾರದಲ್ಲಿ 150 ನಿಮಿಷ ನಡೆಯುವುದು.
• ರಕ್ತದೊತ್ತಡ ಹತೋಟಿಗೆ ಬಂದಿತೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸದಿರುವುದು. ಹತೋಟಿಗೆ ಬಂದಿರುವುದು ಮಾತ್ರೆಯಿಂದಲೇ. ಎದ್ದು ನಿಂತಾಗ ತಲೆಸುತ್ತು ಬಂದಲ್ಲಿ ವೈದ್ಯರಿಗೆ ತಿಳಿಸುವುದು.

ಲಭ್ಯವಿರುವ ಸೌಲಭ್ಯಗಳು:
ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ ನಡೆಸಲಾಗುತ್ತದೆ. ರಾಜ್ಯದಲ್ಲಿ 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಯೋಜನೆಗೆ ಒಳಪಟ್ಟ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಪರೀಕ್ಷಿಸಿ, ಅಗತ್ಯವಿದ್ದವರಿಗೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ ಲಭ್ಯವಿದೆ. ಇತರ ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ವೆಚ್ಚದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂ. ಮಿತಿಗೆ ಒಳಪಟ್ಟು, ಸರ್ಕಾರ ಭರಿಸುತ್ತದೆ. ಫಲಾನುಭವಿಗಳು ಆಧಾರ್ ಮತ್ತು ಪಡಿತರ ಚೀಟಿಯನ್ನು ಹಾಜರುಪಡಿಸತಕ್ಕದ್ದು.

ಈ ದಾಖಲೆಗಳನ್ನೂ, ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನೂ ಹಳೆಯ ಇ.ಸಿ.ಜಿ.ಯನ್ನೂ ಮನೆಯವರೆಲ್ಲರಿಗೂ ತಿಳಿದ ಒಂದೇ ಸ್ಥಳದಲ್ಲಿ ಇರಿಸಲು ಕೋರಲಾಗಿದೆ. ದಾಖಲೆ ಹುಡುಕುವ ಸಲುವಾಗಿ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದನ್ನು ವಿಳಂಬಗೊಳಿಸಬಾರದು.