ಗೆರೆ ಎಳೆಯುವ ಕೈ ಯಾರದ್ದು?

ನಮ್ಮ ಕೇರಿಗೆ ಕರೆಂಟು ಬಂದದ್ದು ಭಾಗ್ಯಜ್ಯೋತಿಯಲ್ಲಿ. ಮನೆಗೊಂದೇ ಬಲ್ಬು. ಅದಕ್ಕೂ ಮೊದಲು ಎಷ್ಟೋ ವರ್ಷ ಲೈಟು ಕಂಬಗಳು ಊರೊಳಗೇ ನಿಂತುಬಿಟ್ಟಿದ್ದವು. ತಂತಿ ಎಲ್ಲಿವರೆಗೆ ಹೋಗಬೇಕು ಅಂತ ಯಾರೋ ಒಬ್ಬರು ನಕ್ಷೆ ಮೇಲೆ ಗೆರೆ ಎಳೆದಿರ್ತಾರಲ್ಲ, ಆ ಗೆರೆ ನಮ್ಮ ಕೇರಿ ಮುಟ್ಟಿರಲಿಲ್ಲ. ಪ್ರತಿ ಸೆಪ್ಟೆಂಬರ್ 15ಕ್ಕೆ ಎಂಜಿನಿಯರುಗಳ ದಿನದ ಶುಭಾಶಯ ಓದುವಾಗ ನನಗೆ ನೆನಪಾಗೋದು ಆ ಗೆರೆನೇ.

ಈಗ ಎಲ್ಲಿ ನೋಡಿದ್ರೂ ಸೋಲಾರ್, ಗಾಳಿ ವಿದ್ಯುತ್ತು, ಶುದ್ಧ ಇಂಧನದ ಮಾತು. ನಾಳೆಯನ್ನು ಕಟ್ಟೋರು ಎಂಜಿನಿಯರುಗಳು ಅಂತಾರೆ. ಒಪ್ಪೋಣ. ಆದ್ರೆ ನಿನ್ನೆಯನ್ನು ಹೇಗೆ ಕಟ್ಟಿದ್ರು ಅಂತಾನೂ ನೋಡಬೇಕಲ್ವಾ?

1902. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ಹುಟ್ಟಿತು. ಕಲ್ಲಿದ್ದಲು ಸುಡಲಿಲ್ಲ, ಹೊಗೆ ಇಲ್ಲ. ಸುಮಾರು 147 ಕಿ.ಮೀ. ತಂತಿ ಎಳೆದು ಅದನ್ನು ಕೋಲಾರದ ಚಿನ್ನದ ಗಣಿಗೆ ಒಯ್ದರು. ಆ ಕಾಲಕ್ಕೆ ಅದು ಸಣ್ಣ ಸಾಹಸ ಅಲ್ಲ. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಗಣಿಗೆ ಬಂದ ಮೇಲೆ. ಆ ಗಣಿಯ ಆಳಕ್ಕೆ ಇಳಿದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟ್ ಕಡೆಯಿಂದ, ಜಾತಿಯ ಕಾಟಕ್ಕೂ ಹಸಿವಿಗೂ ಬೇಸತ್ತು ಬಂದ ನಮ್ಮವರೇ. ಬಂಡೆ ಸಿಡಿದು ಸತ್ತವರೂ ಅವರೇ. ಕರೆಂಟು ಶುದ್ಧವಾಗಿತ್ತು, ಚಿನ್ನ ಇಂಗ್ಲೆಂಡಿನ ಕಂಪನಿಯದಾಗಿತ್ತು.

ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಲಿ ಅನ್ನೋದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದು. ಆ ಕೆಲಸದಲ್ಲಿ ವಿಶ್ವೇಶ್ವರಯ್ಯನವರ ಪಾಲನ್ನು ಯಾರೂ ಅಲ್ಲಗಳೆಯೋದಿಲ್ಲ. ಆದ್ರೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ವಿಚಾರಕ್ಕೆ ಮಿಲ್ಲರ್ ಸಮಿತಿ ನೇಮಿಸಿದಾಗ ಅದನ್ನು ಒಪ್ಪದೆ ದಿವಾನಗಿರಿ ಬಿಟ್ಟವರೂ ಅವರೇ. ಶುಭಾಶಯದ ಪೋಸ್ಟರಿನಲ್ಲಿ ಈ ಮಾತು ಇರೋದಿಲ್ಲ.

ಪೋಸ್ಟರಿನಲ್ಲಿ ಇಲ್ಲದ ಇನ್ನೊಬ್ಬರ ಕತೆ ಹೇಳ್ತೀನಿ. 1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರು. ನೀರಾವರಿ, ವಿದ್ಯುತ್ತು ಅವರ ಕೈಲಿತ್ತು. 1943ರ ಅಕ್ಟೋಬರಿನಲ್ಲಿ ವಿದ್ಯುತ್ ನೀತಿಯ ಸಮಿತಿಯ ಮುಂದೆ ಅವರು ಇಟ್ಟ ವಾದ ಸರಳ: ಜನ ಬಡತನದಿಂದ ಹೊರಬರಬೇಕಾದ್ರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗದ, ಹೇರಳವಾದ ವಿದ್ಯುತ್ತು ಬೇಕು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಬಂತು. ದಾಮೋದರ ಕಣಿವೆ ಯೋಜನೆಗೆ ಅಮೆರಿಕದ ಟೆನೆಸ್ಸೀ ಕಣಿವೆಯಲ್ಲಿ ದುಡಿದ ಎಂಜಿನಿಯರ್ ವೂರ್ಡುಯಿನ್ ಅವರಿಂದ ನೀಲನಕ್ಷೆ ತಯಾರಾಯ್ತು. ಮುಂದೆ ಅಲ್ಲಿನ ಅಣೆಕಟ್ಟುಗಳಿಗೆ ನೆಲ ಕಳಕೊಂಡ ಆದಿವಾಸಿಗಳ ದುಃಖವನ್ನು ನಾವು ಮುಚ್ಚಿಡೋದು ಬೇಡ.

ಆದ್ರೆ ಇದಕ್ಕೆ ಒಂದು ವರ್ಷ ಮೊದಲು, 1942ರ ಅಕ್ಟೋಬರಿನಲ್ಲಿ, ವೈಸರಾಯ್‌ಗೆ ಅವರು ಪರಿಶಿಷ್ಟರ ಅಹವಾಲುಗಳ ಮನವಿಪತ್ರ ಕೊಟ್ಟಿದ್ದರು. ಅದರಲ್ಲಿ ಕೇಳಿದ್ದೇನು ಗೊತ್ತಾ? ನಮ್ಮ ಮಕ್ಕಳು ವಿಜ್ಞಾನ, ತಂತ್ರಜ್ಞಾನ ಓದಲಿಕ್ಕೆ ವಿದ್ಯಾರ್ಥಿವೇತನ. ವಿದೇಶಕ್ಕೆ ಹೋಗಿ ಕಲಿಯಲಿಕ್ಕೆ ಹಣ. ರೈಲ್ವೆ ವರ್ಕ್‌ಶಾಪುಗಳಲ್ಲಿ ಅಪ್ರೆಂಟಿಸ್ ತರಬೇತಿ. ಬರೀ ಕಲಾ, ಕಾನೂನು ಪದವಿ ಸಾಲದು ಅಂತ ಸ್ವತಃ ಬ್ಯಾರಿಸ್ಟರ್ ಆಗಿದ್ದವರು ಹೇಳಿದರು. ಮನವಿಪತ್ರವನ್ನೂ ವಿದ್ಯುತ್ ಭಾಷಣವನ್ನೂ ಪಕ್ಕಪಕ್ಕ ಇಟ್ಟು ಓದಿ. ದೇಶಕ್ಕೆ ಕರೆಂಟು ಬೇಕು, ಆ ಕರೆಂಟಿನ ನಕ್ಷೆ ಬರೆಯೋ ಮೇಜಿನಲ್ಲಿ ನಮ್ಮವರೂ ಕೂರಬೇಕು. ಎರಡೂ ಒಂದೇ ಕೆಲಸ.

ಆ ಕೆಲಸ ಅರ್ಧಕ್ಕೇ ನಿಂತರೆ ಏನಾಗುತ್ತೆ ಅಂತ ನೋಡಬೇಕಾದ್ರೆ ಪಾವಗಡಕ್ಕೆ ಹೋಗಿ. ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್. ಭೂಮಿ ಕಿತ್ತುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬರದ ನಾಡಿನ ರೈತನಿಗೆ ಇದು ಒಳ್ಳೇದೇ. ಇದನ್ನು ಇಡೀ ದೇಶಕ್ಕೆ ಮಾದರಿ ಅಂತ ತೋರಿಸ್ತಾರೆ.

ಆದ್ರೆ ಬಾಡಿಗೆ ಬರೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು, ಕಳೆ ತೆಗೆದು, ದನ ಕುರಿ ಮೇಯಿಸಿ ಬದುಕಿದ್ದ ಕೂಲಿಯವರ ಹೆಸರು ಯಾವ ಪಹಣಿಯಲ್ಲಿದೆ? ಹೊಲ ಹೋಯ್ತು ಅಂದ್ರೆ ಕೂಲಿ ಹೋಯ್ತು. ಉಳಿದದ್ದು ಪ್ಯಾನಲ್ ತೊಳೆಯೋದು, ಹುಲ್ಲು ಕತ್ತರಿಸೋದು, ಗೇಟು ಕಾಯೋದು. ಅದೂ ಎಲ್ಲರಿಗೂ ಸಿಗೋದಿಲ್ಲ. ಪಾರ್ಕಿನ ನಕ್ಷೆ ಬರೆದವರು ಬಿಸಿಲು ಎಷ್ಟು, ಇಳಿಜಾರು ಎಷ್ಟು, ತಂತಿ ಎಷ್ಟು ದೂರ ಅಂತ ಲೆಕ್ಕ ಹಾಕಿರ್ತಾರೆ. ಈ ನೆಲದಲ್ಲಿ ಕೂಲಿ ಮಾಡೋ ಮನೆಗಳೆಷ್ಟು ಅನ್ನೋದು ಆ ಲೆಕ್ಕಕ್ಕೆ ಸೇರಲೇ ಇಲ್ಲ. ಬೇಕಂತಲೇ ಬಿಟ್ಟರು ಅಂತ ನಾನು ಹೇಳ್ತಿಲ್ಲ. ಕೂಲಿ ಮನೆಯಿಂದ ಬಂದವರೊಬ್ಬರು ಆ ಮೇಜಿನಲ್ಲಿ ಕೂತಿದ್ದರೆ ಮೊದಲು ಕೇಳ್ತಿದ್ದ ಪ್ರಶ್ನೆ ಅದೇ ಆಗಿರ್ತಿತ್ತು.

ನಾವು ಸೋಲಾರ್ ವಿರೋಧಿಗಳಲ್ಲ, ಗೆಳೆಯರೇ. ಬಿಸಿಲು ಜಾಸ್ತಿ ಆದಷ್ಟೂ ಮೊದಲು ಸುಡೋದು ಬಯಲಲ್ಲಿ ದುಡಿಯೋರ ಬೆನ್ನೇ. ಶುದ್ಧ ಇಂಧನ ನಮಗೇ ಹೆಚ್ಚು ಬೇಕು. ಅದಕ್ಕೇ ಹೇಳ್ತಿದ್ದೀನಿ: ನಿಮ್ಮೂರಿಗೆ ಸೋಲಾರ್ ಅಥವಾ ಗಾಳಿಯಂತ್ರದ ಯೋಜನೆ ಬಂದ್ರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಪಹಣಿ ಇಲ್ಲದ ಮನೆಗಳ ಪಟ್ಟಿ ಎಲ್ಲಿ? ಅವರ ಕೂಲಿಗೆ ಬದಲಿ ಏನು? ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಹುಡುಗ ಹುಡುಗಿಯರಿಗೆ ಕಂಟ್ರೋಲ್ ರೂಮಿನಲ್ಲಿ ಜಾಗ ಎಷ್ಟು?

ಎಂಜಿನಿಯರಿಂಗ್ ಓದ್ತಿರೋ ತಮ್ಮಂದಿರೇ, ತಂಗಿಯರೇ, ಬಾಬಾಸಾಹೇಬರ ಇಂಗ್ಲಿಷ್ ಬರಹಗಳ 10ನೇ ಸಂಪುಟ ಹುಡುಕಿ ಓದಿ. 1942ರಲ್ಲಿ ಅವರು ಜಗಳ ಮಾಡಿ ಕೇಳಿದ್ದು ನಿಮ್ಮ ಸೀಟನ್ನೇ. ಗೆರೆ ಎಳೆಯೋ ಕೆಲಸ ನಿಮಗೆ ಸಿಕ್ಕ ದಿನ, ಅದನ್ನು ಕೇರಿಯಿಂದ ಶುರು ಮಾಡಿ.

ಜೈ ಭೀಮ್.