ಸ್ವಯಂವಾದನ ಪಿಯಾನೊ: ಡಿಸ್ಕ್‌ಗಳ ಕಾಲ

ವಾದಕನ ಬೆರಳು ಸೋಕದೆ ತಾನಾಗಿ ನುಡಿಯುವ ಪಿಯಾನೊ. ನುಡಿಸಬೇಕಾದ ಸಂಗೀತವನ್ನು ಸಂಕೇತರೂಪದಲ್ಲಿ ಬರೆದಿಟ್ಟ ಕಾಗದದ ಸುರುಳಿ, ಕ್ಯಾಸೆಟ್, ಫ್ಲಾಪಿ ಇಲ್ಲವೆ ಸಿಡಿಯನ್ನು ಇದು ಓದುತ್ತದೆ. ಗ್ರಾಮಫೋನ್ ತಟ್ಟೆಯಲ್ಲಿ ಇರುವುದು ನಾದದ ಅಚ್ಚು. ಇಲ್ಲಿ ಇರುವುದು ಯಾವ ಕೀ, ಯಾವ ಕ್ಷಣ, ಎಷ್ಟು ಬಿರುಸು ಎಂಬ ಆಜ್ಞೆ ಮಾತ್ರ. ನಾದ ಹುಟ್ಟುವುದು ಕೇಳುಗನ ಎದುರಿಗೇ, ಸುತ್ತಿಗೆ ತಂತಿಗೆ ಬಡಿದಾಗ.

ಸೀರೆಯ ಅಂಚಿನ ಚಿತ್ತಾರಕ್ಕೆ ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ರಟ್ಟುಗಳನ್ನು ಕಂಡವರಿಗೆ ಈ ವಾದ್ಯದ ಮೊದಲ ರೂಪ ಸುಲಭವಾಗಿ ಅರ್ಥವಾಗುತ್ತದೆ. ಫ್ರಾನ್ಸಿನ ಫೂರ್ನೊ 1863ರಲ್ಲಿ ಗಾಳಿಯ ಬಲದಿಂದ ನಡೆಯುವ ಪಿಯಾನಿಸ್ತಾ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಎಡ್ವಿನ್ ವೋಟಿ 1895ರಲ್ಲಿ ಪಿಯಾನೋಲವನ್ನು ರಚಿಸಿದ. ಅದು ಪಿಯಾನೊದ ಒಳಗಿನ ಭಾಗವಾಗಿರಲಿಲ್ಲ. ವಾದ್ಯದ ಮುಂದೆ ತಳ್ಳಿಕೊಂಡು ಬಂದು ನಿಲ್ಲಿಸುವ ಪೆಟ್ಟಿಗೆ. ಕಾಲಿನಿಂದ ತಿದಿ ಒತ್ತುತ್ತಿದ್ದಂತೆ ಸುರುಳಿ ಸರಿಯುತ್ತಿತ್ತು, ತೂತು ಎದುರಾದಲ್ಲಿ ಗಾಳಿ ನುಗ್ಗಿ ಮರದ ಬೆರಳೊಂದು ಕೀಯನ್ನು ಒತ್ತುತ್ತಿತ್ತು. ಮುಂದೆ ಈ ಯಂತ್ರ ಪಿಯಾನೊದ ಒಡಲನ್ನೇ ಸೇರಿತು. ಒಬ್ಬ ತಯಾರಕನ ಸುರುಳಿ ಇನ್ನೊಬ್ಬನ ವಾದ್ಯಕ್ಕೆ ಹೊಂದದ ಗೊಂದಲವನ್ನು 1908ರಲ್ಲಿ ಬಫಲೊ ನಗರದಲ್ಲಿ ಸೇರಿದ ತಯಾರಕರು ಬಗೆಹರಿಸಿ, 88 ಸ್ವರಗಳ ಸುರುಳಿಗೆ ಒಂದೇ ಅಳತೆಯನ್ನು ಒಪ್ಪಿಕೊಂಡರು. ನೂರು ವರ್ಷ ಹಿಂದಿನ ಸುರುಳಿ ಇವತ್ತೂ ನುಡಿಯುತ್ತಿರುವುದು ಈ ಒಪ್ಪಂದದ ಫಲ. ಡಿಸ್ಕ್‌ಗಳಿಗೆ ಇಂಥ ಭಾಗ್ಯ ಬರಲಿಲ್ಲ.

ಜರ್ಮನಿಯ ಫ್ರೈಬುರ್ಗ್‌ನ ವೆಲ್ಟೆ ಸಂಸ್ಥೆ 1904ರಲ್ಲಿ ತಂದ ವೆಲ್ಟೆ–ಮಿನ್ಯೋನ್ ಯಂತ್ರ ಸ್ವರಗಳ ಜೊತೆಗೆ ವಾದಕನ ಏರಿಳಿತವನ್ನೂ ಹಿಡಿಯಿತು. 1905ರ ನವೆಂಬರ್ 9ರಂದು ಲೈಪ್‌ಜಿಗ್‌ನಲ್ಲಿ ಸಂಗೀತ ರಚನೆಕಾರ ಗುಸ್ತಾವ್ ಮಾಲರ್ ಅದಕ್ಕಾಗಿ ನುಡಿಸಿದ. ಆತ ಗ್ರಾಮಫೋನ್ ತಟ್ಟೆಗೆ ಎಂದೂ ನುಡಿಸಿದವನಲ್ಲ. ಮಾಲರ್‌ನ ಕೈ ಹೇಗಿತ್ತೆಂದು ಇಂದು ನಮಗೆ ಕೇಳಿಸಬಲ್ಲವು ಆ ನಾಲ್ಕು ಸುರುಳಿಗಳು ಮಾತ್ರ. ರೇಡಿಯೊ, ವಿದ್ಯುತ್ ಮುದ್ರಣದ ತಟ್ಟೆಗಳು ಮತ್ತು 1929ರ ಆರ್ಥಿಕ ಕುಸಿತ ಒಟ್ಟಾಗಿ ಈ ಉದ್ಯಮವನ್ನು ನೆಲಕಚ್ಚಿಸಿದವು.

ವಾದ್ಯ ಮರುಹುಟ್ಟು ಪಡೆದದ್ದು ವಿದ್ಯುತ್ತಿನಿಂದ. 1978ರಲ್ಲಿ ಮಾರುಕಟ್ಟೆಗೆ ಬಂದ ಪಿಯಾನೊಕಾರ್ಡರ್ ಕ್ಯಾಸೆಟ್ ಓದುತ್ತಿತ್ತು. ತಿದಿಯ ಜಾಗದಲ್ಲಿ ಸೊಲೆನಾಯ್ಡ್ ಎಂಬ ತಂತಿಸುರುಳಿಗಳು ಬಂದವು: ವಿದ್ಯುತ್ ಹರಿದಾಗ ಸುರುಳಿಯೊಳಗಿನ ಕಬ್ಬಿಣದ ಸಲಾಕೆ ಮೇಲೆದ್ದು ಕೀಯ ಹಿಂಬದಿಯನ್ನು ನೂಕುತ್ತದೆ. 1983ರಲ್ಲಿ ವಿದ್ಯುನ್ಮಾನ ವಾದ್ಯಗಳ ಸಾಮಾನ್ಯ ಭಾಷೆಯಾಗಿ ಮಿಡಿ ಬಂತು. ಜಪಾನಿನ ಯಮಾಹಾ 1982ರಲ್ಲೇ ಸ್ವದೇಶದಲ್ಲಿ ಇಂಥ ಪಿಯಾನೊ ಹೊರತಂದಿತ್ತು. 1987ರಲ್ಲಿ ಡಿಸ್ಕ್‌ಲೇವಿಯರ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಕೊಂಡೊಯ್ದಿತು. ಅದರ ಮಾಧ್ಯಮ ಮೂರೂವರೆ ಇಂಚಿನ ಫ್ಲಾಪಿ.

ಆ ಫ್ಲಾಪಿಯ ಸಾಮರ್ಥ್ಯ 720 ಕಿಲೋಬೈಟ್. ಸಿಡಿ ಗುಣಮಟ್ಟದ ಧ್ವನಿಯನ್ನು ತುಂಬಿದರೆ ಐದು ಸೆಕೆಂಡೂ ಹಿಡಿಯದು. ಆದರೆ ಮಿಡಿಯಲ್ಲಿ ಒಂದು ಸ್ವರದ ಆರಂಭಕ್ಕೆ ಮೂರು ಬೈಟ್ ಸಾಕು. ಆದ್ದರಿಂದ ಅಂಗೈಯಗಲದ ಆ ತುಂಡಿನಲ್ಲಿ ಹಲವು ಕೃತಿಗಳು ಕುಳಿತವು. ನುಡಿಸುವಾಗಿನ ಒಂದು ಸೂಕ್ಷ್ಮ ಇಲ್ಲಿ ಹೇಳಲೇಬೇಕು. ಮೆಲುವಾದ ಸ್ವರಕ್ಕೆ ಸುತ್ತಿಗೆ ನಿಧಾನವಾಗಿ ಏಳುತ್ತದೆ, ಬಿರುಸಾದದ್ದಕ್ಕೆ ಬೇಗ. ಎರಡಕ್ಕೂ ಒಂದೇ ಗಳಿಗೆಯಲ್ಲಿ ಆಜ್ಞೆ ಕೊಟ್ಟರೆ ತಾಳ ತಪ್ಪುತ್ತದೆ. ಡಿಸ್ಕ್‌ಲೇವಿಯರ್ ಆಜ್ಞೆಗಳನ್ನು ಅರ್ಧ ಸೆಕೆಂಡು ತಡೆಹಿಡಿದು, ಮೆಲುಸ್ವರದ ಸುತ್ತಿಗೆಯನ್ನು ಮುಂಚಿತವಾಗಿ ಹೊರಡಿಸಿ, ಎರಡೂ ತಂತಿಯನ್ನು ಒಟ್ಟಿಗೆ ಮುಟ್ಟುವಂತೆ ಮಾಡುತ್ತದೆ. ನನ್ನ ಮಟ್ಟಿಗೆ ಈ ಯಂತ್ರದ ನಿಜವಾದ ಚೆಲುವು ಇರುವುದು ಈ ಅರ್ಧ ಸೆಕೆಂಡಿನಲ್ಲಿ.

ಗಾಯಕರ ದನಿ, ಪಕ್ಕವಾದ್ಯಗಳು ಪಿಯಾನೊ ಜೊತೆ ಕೇಳಬೇಕೆಂಬ ಆಸೆ ಸಿಡಿಯನ್ನು ತಂದಿತು. ಅಮೆರಿಕದ ಪಿಯಾನೊಡಿಸ್ಕ್ ಮತ್ತು ಕ್ಯೂಆರ್‌ಎಸ್ ಸಂಸ್ಥೆಗಳು ಯಾವುದೇ ಪಿಯಾನೊಗೆ ಜೋಡಿಸಬಹುದಾದ ಯಂತ್ರಗಳನ್ನು ಮಾರಿದವು. ಇವರ ಸಿಡಿಯ ಎರಡು ವಾಹಿನಿಗಳಲ್ಲಿ ಒಂದರಲ್ಲಿ ಸಂಗೀತ, ಇನ್ನೊಂದರಲ್ಲಿ ಧ್ವನಿಯಾಗಿ ಮಾರ್ಪಡಿಸಿದ ಪಿಯಾನೊ ಆಜ್ಞೆ. ಅಂಥ ಸಿಡಿಯನ್ನು ಮಾಮೂಲಿ ಪ್ಲೇಯರ್‌ಗೆ ಹಾಕಿದರೆ ಒಂದು ಸ್ಪೀಕರ್‌ನಿಂದ ಹಾಡು, ಇನ್ನೊಂದರಿಂದ ಹಳೆಯ ದೂರವಾಣಿ ಮೋಡೆಮ್‌ನ ಕಿರುಚಾಟ ಬರುತ್ತದೆ. ಆದರೆ ಒಬ್ಬೊಬ್ಬರದು ಒಂದೊಂದು ಸಂಕೇತ. ಒಂದು ಸಂಸ್ಥೆಯ ಸಿಡಿಯನ್ನು ಇನ್ನೊಂದರ ಹಳೆಯ ಯಂತ್ರಕ್ಕೆ ಹಾಕಿದರೆ ಪಿಯಾನೊ ಸುಮ್ಮನಿರುತ್ತದೆ. ಬಫಲೊದಲ್ಲಿ ಕಲಿತ ಪಾಠವನ್ನು ಉದ್ಯಮ ಎಂಬತ್ತು ವರ್ಷಗಳಲ್ಲಿ ಮರೆತಿತ್ತು, ಅದರ ದಂಡವನ್ನು ಕೊಂಡವರು ತೆತ್ತರು.

ಒಂದೇ ಸಂಸ್ಥೆಯೊಳಗೂ ತೊಡಕು ಇದ್ದೇ ಇತ್ತು. ಮೊದಲ ಡಿಸ್ಕ್‌ಲೇವಿಯರ್‌ಗಳು ಇ–ಸೀಕ್ ಎಂಬ ಯಮಾಹಾದ್ದೇ ಕಡತರೂಪವನ್ನು ಮಾತ್ರ ಓದುತ್ತವೆ; ಸಾಮಾನ್ಯ ಮಿಡಿ ಕಡತವನ್ನು ಮೊದಲು ಅದಕ್ಕೆ ಪರಿವರ್ತಿಸಬೇಕು. ಅವುಗಳ ಡ್ರೈವ್‌ಗೆ ಬೇಕಾದದ್ದು 720 ಕಿಲೋಬೈಟ್ ಫ್ಲಾಪಿ. ನಂತರ ಎಲ್ಲೆಡೆ ಹರಡಿದ 1.44 ಮೆಗಾಬೈಟ್ ಫ್ಲಾಪಿಯ ಒಂದು ಮೂಲೆಯಲ್ಲಿ ಹೆಚ್ಚಿನ ತೂತು ಇರುತ್ತದೆ. ಅದಕ್ಕೆ ಅಂಟುಪಟ್ಟಿ ಹಚ್ಚಿ, 720ಕ್ಕೆ ಫಾರ್ಮ್ಯಾಟ್ ಮಾಡಿ ಕೆಲಸ ಸಾಗಿಸುವವರಿದ್ದಾರೆ. ಆದರೆ ಎರಡರ ಕಾಂತಲೇಪ ಬೇರೆಯಾದ್ದರಿಂದ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಸೋನಿ ಸಂಸ್ಥೆ 2011ರಲ್ಲಿ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಚೆನ್ನಾಗಿ ನೋಡಿಕೊಂಡ ಪಿಯಾನೊ ನೂರು ವರ್ಷ ಬಾಳುತ್ತದೆ, ಡ್ರೈವ್‌ನ ರಬ್ಬರ್ ಪಟ್ಟಿ ಅಷ್ಟು ಬಾಳದು. ಡ್ರೈವ್ ಕೆಟ್ಟ ವಾದ್ಯಗಳಿಗೆ ಈಗ ಅದೇ ಗೂಡಿನಲ್ಲಿ ಕೂರುವ, ಪೆನ್‌ಡ್ರೈವ್‌ನಲ್ಲಿರುವುದನ್ನೇ ಫ್ಲಾಪಿಯೆಂದು ತೋರಿಸುವ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಮೂಲ ವಾದ್ಯವನ್ನು ಕೆದಕದ ಕಾರಣ ಇದೇ ಅತ್ಯುತ್ತಮ ಪರಿಹಾರ.

ಹಳೆಯ ಡಿಸ್ಕ್ ಇಟ್ಟುಕೊಂಡವರು ಎರಡು ವಿಷಯ ನೆನಪಿಡಬೇಕು. ಫ್ಲಾಪಿಯ ಕಾಂತಲೇಪ ವರ್ಷ ಕಳೆದಂತೆ ದುರ್ಬಲವಾಗುತ್ತದೆ. ಓದುವ ಯಂತ್ರ ಕೈಗೆ ಸಿಗುವಾಗಲೇ ಪ್ರತಿ ತೆಗೆದಿಡಬೇಕು. ಸಿಡಿಯನ್ನು ಕಂಪ್ಯೂಟರ್‌ಗೆ ಇಳಿಸುವಾಗ ಎಂಪಿ3 ಮಾಡಬಾರದು. ಕಿವಿಗೆ ಕೇಳಿಸದ್ದನ್ನು ಕಿತ್ತುಹಾಕಿ ಗಾತ್ರ ಇಳಿಸುವುದು ಎಂಪಿ3ಯ ಕ್ರಮ, ಆಜ್ಞೆಗಳ ವಾಹಿನಿ ಅದರಿಂದ ಕೆಟ್ಟುಹೋಗಬಹುದು. ಸಂಕುಚಿಸದ ವೇವ್ ಕಡತವಾಗಿಯೇ ಉಳಿಸಿಕೊಳ್ಳಿ.