ಟ್ರೇಕಿಯಾಸ್ಟಮಿ ರೋಗಿಗಳಲ್ಲಿ ಉಸಿರಾಟ ಸ್ನಾಯುಗಳ ವ್ಯಾಯಾಮ

ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ, ಅದರಲ್ಲಿ ಕೊಳವೆಯನ್ನಿರಿಸಿ ಉಸಿರಾಟಕ್ಕೆ ದಾರಿ ಮಾಡಿಕೊಡುವ ಶಸ್ತ್ರಕ್ರಿಯೆಗೆ ಟ್ರೇಕಿಯಾಸ್ಟಮಿ ಎಂದು ಹೆಸರು. ದೀರ್ಘಕಾಲ ವೆಂಟಿಲೇಟರ್ ನೆರವು ಬೇಕಾದವರಿಗೆ ಇದನ್ನು ಮಾಡುವುದು ಸಾಮಾನ್ಯ. ಇಂತಹ ರೋಗಿಗಳು ಯಂತ್ರವನ್ನು ಬಿಟ್ಟು ತಾವಾಗಿ ಉಸಿರಾಡುವಂತಾಗಲು, ಉಸಿರೆಳೆಯುವ ಸ್ನಾಯುಗಳಿಗೆ ನಿಯಂತ್ರಿತ ಪ್ರತಿರೋಧದ ವಿರುದ್ಧ ನೀಡುವ ತರಬೇತಿಯೇ ಉಸಿರಾಟ ಸ್ನಾಯುಗಳ ವ್ಯಾಯಾಮ. ಪ್ರಾಣಾಯಾಮದಂತೆ ಉಸಿರಿನ ಲಯವನ್ನು ಹದಗೊಳಿಸುವುದು ಇದರ ಗುರಿಯಲ್ಲ. ಭಾರ ಎತ್ತಿ ತೋಳನ್ನು ಬಲಪಡಿಸುವ ಕ್ರಮಕ್ಕೆ ಇದು ಹೆಚ್ಚು ಹತ್ತಿರ.

ಸ್ನಾಯುಗಳು ದುರ್ಬಲಗೊಳ್ಳುವ ಕಾರಣ

ಉಚ್ಛ್ವಾಸದ ಹೆಚ್ಚಿನ ಕೆಲಸವನ್ನು ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಮಾಡುತ್ತದೆ. ವೆಂಟಿಲೇಟರ್ ಆ ಕೆಲಸವನ್ನು ಪೂರ್ಣವಾಗಿ ವಹಿಸಿಕೊಂಡರೆ ವಪೆ ಬೇಗನೆ ಕ್ಷೀಣಿಸುತ್ತದೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಿದುಳು ನಿಷ್ಕ್ರಿಯಗೊಂಡು 18ರಿಂದ 69 ಗಂಟೆಗಳ ಕಾಲ ವೆಂಟಿಲೇಟರಿನಲ್ಲಿದ್ದ 14 ಅಂಗದಾನಿಗಳ ವಪೆಯನ್ನು ಪರೀಕ್ಷಿಸಲಾಯಿತು. ಹೋಲಿಕೆಯ ಗುಂಪಿಗಿಂತ ಅವರ ಸ್ನಾಯುತಂತುಗಳ ಅಡ್ಡಕೊಯ್ತದ ವಿಸ್ತೀರ್ಣ ಅರ್ಧಕ್ಕೂ ಕಡಿಮೆಯಿತ್ತು. ಇದಕ್ಕೆ ನಂಜು, ಅಪೌಷ್ಟಿಕತೆ ಮತ್ತು ಕೆಲವು ಔಷಧಗಳ ಪರಿಣಾಮವೂ ಸೇರಬಹುದು. ಆದ್ದರಿಂದಲೇ ಮೂಲ ಕಾಯಿಲೆ ಗುಣವಾದ ಮೇಲೂ ಕೆಲವರಿಗೆ ಯಂತ್ರವನ್ನು ಬಿಡಲಾಗುವುದಿಲ್ಲ.

ಬಲದ ಅಳತೆ

ರೋಗಿ ಪೂರ್ಣ ಶಕ್ತಿಯಿಂದ ಉಸಿರೆಳೆದಾಗ ಉಂಟಾಗುವ ಗರಿಷ್ಠ ಋಣ ಒತ್ತಡವನ್ನು ನೀರಿನ ಸ್ತಂಭದ ಸೆಂಟಿಮೀಟರುಗಳಲ್ಲಿ ಅಳೆಯುತ್ತಾರೆ. ಸೂಚನೆಯನ್ನು ಪಾಲಿಸಲಾಗದ ರೋಗಿಗೆ, ಗಾಳಿಯನ್ನು ಹೊರಕ್ಕೆ ಬಿಟ್ಟು ಒಳಕ್ಕೆ ತಡೆಯುವ ಏಕಮುಖ ಕವಾಟವನ್ನು 20–25 ಸೆಕೆಂಡು ಜೋಡಿಸಿ ಅಳೆಯುವ ಕ್ರಮವಿದೆ. ವ್ಯಾಯಾಮಕ್ಕೆ ಮಾತ್ರ ರೋಗಿ ಎಚ್ಚರವಾಗಿದ್ದು ಸಹಕರಿಸುವುದು ಅಗತ್ಯ.

ವಿಧಾನ

ಹೆಚ್ಚು ಬಳಕೆಯಲ್ಲಿರುವುದು ಸ್ಪ್ರಿಂಗ್ ಅಳವಡಿಸಿದ ಕವಾಟವುಳ್ಳ ಚಿಕ್ಕ ಸಾಧನ. ನಿಗದಿಪಡಿಸಿದ ಒತ್ತಡವನ್ನು ರೋಗಿ ಮುಟ್ಟುವವರೆಗೂ ಕವಾಟ ತೆರೆಯುವುದಿಲ್ಲ; ಉಸಿರು ಬಿಡಲು ತಡೆಯಿಲ್ಲ. ಇದನ್ನು ಬಾಯಿಗಲ್ಲ, ಕುತ್ತಿಗೆಯ ಕೊಳವೆಗೆ ಜೋಡಿಸಬೇಕು. ಆಸ್ಪತ್ರೆಗಳಲ್ಲಿ ಪರಿಚಿತವಾದ, ಮೂರು ಚೆಂಡುಗಳನ್ನು ಮೇಲೇರಿಸುವ ಸ್ಪೈರೋಮೀಟರನ್ನು ಈ ರೋಗಿಯ ಬಾಯಿಗೆ ಕೊಟ್ಟರೆ ಚೆಂಡು ಅಲುಗದೇ ಇರಬಹುದು. ಅದು ರೋಗಿಯ ಪ್ರಯತ್ನದ ಕೊರತೆಯಲ್ಲ. ಅವರ ಉಸಿರು ಬಾಯಿಯ ಮೂಲಕ ಹಾದುಹೋಗುತ್ತಿಲ್ಲ, ಅಷ್ಟೆ.

ಮೊದಲು ಕೊಳವೆಯಲ್ಲಿನ ಕಫವನ್ನು ಹೀರಿ ತೆಗೆದು, ರೋಗಿಯನ್ನು ಒರಗಿ ಕೂರಿಸುತ್ತಾರೆ. 6 ಉಸಿರುಗಳ ಒಂದು ಸುತ್ತಿನಂತೆ 5 ಸುತ್ತುಗಳನ್ನು ಮಾಡಿಸುವುದು ಒಂದು ರೂಢಿ. ಸುತ್ತುಗಳ ನಡುವೆ ವೆಂಟಿಲೇಟರಿಗೆ ಮರಳಿಸಿ ವಿಶ್ರಾಂತಿ ನೀಡಬಹುದು. ಆರನೆಯ ಉಸಿರನ್ನು ಕಷ್ಟಪಟ್ಟು ಪೂರೈಸುವಷ್ಟು ಪ್ರತಿರೋಧವಿದ್ದರೆ ಅದು ಸರಿಯಾದ ಮಟ್ಟ. ಭಾರ ತೀರ ಹಗುರವಾದರೆ ಸ್ನಾಯು ಬಲಗೊಳ್ಳುವುದಿಲ್ಲ. ಆಮ್ಲಜನಕದ ಮಟ್ಟ, ನಾಡಿ ಮತ್ತು ಉಸಿರಾಟದ ವೇಗವನ್ನು ಗಮನಿಸುತ್ತಿದ್ದು, ತೀವ್ರ ಏದುಸಿರು ಅಥವಾ ಎದೆನೋವು ಕಂಡರೆ ನಿಲ್ಲಿಸಬೇಕು. ತರಬೇತಿ ಪಡೆದ ಭೌತಚಿಕಿತ್ಸಕರ ಅಥವಾ ವೈದ್ಯರ ಉಸ್ತುವಾರಿಯಿಲ್ಲದೆ ಇದನ್ನು ಮಾಡಿಸಬಾರದು.

ಕೊಳವೆಯ ಬಲೂನು

ಬಹುತೇಕ ಕೊಳವೆಗಳ ಒಳತುದಿಯ ಬಳಿ ಗಾಳಿ ತುಂಬುವ ಪುಟ್ಟ ಬಲೂನು ಇರುತ್ತದೆ. ಆಸ್ಪತ್ರೆಯ ಮಾತಿನಲ್ಲಿ ಇದು ‘ಕಫ್’. ಗಂಟಲಿನ ಕಫಕ್ಕೂ ಇದಕ್ಕೂ ಸಂಬಂಧವಿಲ್ಲ. ಬಲೂನು ಉಬ್ಬಿದ್ದಾಗ ಗಾಳಿ ಕೊಳವೆಯೊಳಗಿಂದ ಮಾತ್ರ ಹೋಗಿಬರುತ್ತದೆ. ಇಳಿದಾಗ ಕೊಳವೆಯ ಸುತ್ತಲಿನಿಂದಲೂ ಗಂಟಲಿನತ್ತ ಸಾಗುತ್ತದೆ. ಉಸಿರೆಳೆಯುವ ವ್ಯಾಯಾಮದ ವೇಳೆ ಬಲೂನು ಉಬ್ಬಿರಬೇಕು, ಇಲ್ಲವಾದರೆ ರೋಗಿ ಮೂಗು–ಬಾಯಿಯಿಂದ ಗಾಳಿ ಎಳೆದುಕೊಂಡು ಪ್ರತಿರೋಧವೇ ಇಲ್ಲದಂತಾಗುತ್ತದೆ.

ಮಾತನಾಡಲು ಜೋಡಿಸುವ ಏಕಮುಖ ಕವಾಟದ ನಿಯಮ ಇದಕ್ಕೆ ನೇರ ವಿರುದ್ಧ. ಆ ಕವಾಟ ಉಸಿರನ್ನು ಒಳಕ್ಕೆ ಬಿಟ್ಟು, ಹೊರಹೋಗುವಾಗ ಮುಚ್ಚಿಕೊಂಡು, ಗಾಳಿಯನ್ನು ಧ್ವನಿತಂತುಗಳತ್ತ ತಿರುಗಿಸುತ್ತದೆ. ಆಗ ಬಲೂನು ಉಬ್ಬಿದ್ದರೆ ಗಾಳಿ ಹೊರಬರಲು ದಾರಿಯೇ ಇಲ್ಲದೆ ರೋಗಿ ಉಸಿರುಗಟ್ಟಿ ಸಾಯಬಹುದು. ಒಂದೇ ದಿನ ಒಬ್ಬನೇ ರೋಗಿಗೆ ಈ ಎರಡೂ ಸಾಧನಗಳನ್ನು ಬಳಸುವ ಸಂದರ್ಭ ಇರುವುದರಿಂದ, ಪ್ರತಿ ಸಲವೂ ಬಲೂನಿನ ಸ್ಥಿತಿಯನ್ನು ನೋಡಿಯೇ ಜೋಡಿಸಬೇಕು.

ಅಧ್ಯಯನಗಳು

ಫ್ಲಾರಿಡಾ ವಿಶ್ವವಿದ್ಯಾಲಯದ ತಂಡವೊಂದು ವೆಂಟಿಲೇಟರ್ ಬಿಡಲಾಗದಿದ್ದ 69 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ನಿಜವಾದ ವ್ಯಾಯಾಮ ಪಡೆದ 35 ಮಂದಿಯಲ್ಲಿ 25 ಮಂದಿ ಯಂತ್ರದಿಂದ ಬಿಡುಗಡೆ ಹೊಂದಿದರು. ತೋರಿಕೆಯ ವ್ಯಾಯಾಮ ಪಡೆದ 34 ಮಂದಿಯಲ್ಲಿ 16 ಮಂದಿಗೆ ಮಾತ್ರ ಅದು ಸಾಧ್ಯವಾಯಿತು. ಇದಕ್ಕೆ ಮೊದಲು, 2005ರಲ್ಲಿ ಬ್ರೆಜಿಲ್‌ನಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ ವೆಂಟಿಲೇಟರಿನ ಸಂವೇದನೆಯನ್ನೇ ಬದಲಿಸಿ ಪ್ರತಿರೋಧ ನೀಡಲಾಗಿತ್ತು. ಅದರಿಂದ ಪ್ರಯೋಜನ ಕಾಣಲಿಲ್ಲ.

ಕ್ಯಾನ್‌ಬೆರಾದಲ್ಲಿ ಆಗಲೇ ಯಂತ್ರ ಬಿಟ್ಟಿದ್ದ 70 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವಾರಗಳ ತರಬೇತಿಯಿಂದ ಸ್ನಾಯುಬಲವೂ ಜೀವನದ ಗುಣಮಟ್ಟವೂ ಹೆಚ್ಚಿದವು. ಆದರೆ ಆಸ್ಪತ್ರೆಯಲ್ಲಿ ಸಂಭವಿಸಿದ ನಾಲ್ಕು ಸಾವುಗಳೂ ವ್ಯಾಯಾಮದ ಗುಂಪಿನವು. ವ್ಯಾಯಾಮವೇ ಅವುಗಳಿಗೆ ಕಾರಣವೆಂದು ಸಿದ್ಧವಾಗಿಲ್ಲವಾದರೂ, ಫಲಿತಾಂಶವನ್ನು ಉಲ್ಲೇಖಿಸುವಾಗ ಇದನ್ನು ಬಿಡುವುದು ಸರಿಯಲ್ಲ.

ಮಿತಿಗಳು

ವಪೆಗೆ ಸಂಕೇತ ಒಯ್ಯುವ ನರಗಳು ಕುತ್ತಿಗೆಯ ಭಾಗದ ಬೆನ್ನುಹುರಿಯಿಂದ ಹೊರಡುತ್ತವೆ. ಆ ಮಟ್ಟಕ್ಕಿಂತ ಮೇಲೆ ಬೆನ್ನುಹುರಿ ಪೂರ್ಣವಾಗಿ ತುಂಡಾಗಿದ್ದರೆ ವಪೆಗೆ ಸಂಕೇತವೇ ತಲುಪದ ಕಾರಣ ಈ ವ್ಯಾಯಾಮದಿಂದ ಅದು ಬಲಗೊಳ್ಳುವುದಿಲ್ಲ. ರಕ್ತದೊತ್ತಡ ಸ್ಥಿರವಾಗಿರದವರಿಗೆ ಮತ್ತು ಎದೆಗೂಡಿನಲ್ಲಿ ಗಾಳಿ ಸೇರಿಕೊಂಡು ಚಿಕಿತ್ಸೆಯಾಗದೆ ಉಳಿದವರಿಗೆ ಇದನ್ನು ಮುಂದೂಡುತ್ತಾರೆ.